ಹೆಸರು ಬೇಡ, ಮೆಷಿನ್ ಇರಲಿ

ಬಿ.ಸಿ. ರೋಡಿನಲ್ಲಿ ಬಸ್ಸಿಳಿದವರು ಮೊದಲು ಗಂಟೆ ನೋಡುತ್ತಾರೆ. ಬಂಟ್ವಾಳ ಕ್ರಾಸ್ ರೋಡ್ ಎಂಬ ಉದ್ದ ಹೆಸರು ಸವೆದು ಎರಡಕ್ಷರಕ್ಕೆ ಬಂದಿರುವ ಈ ಪೇಟೆ ಹುಟ್ಟಿದ್ದೇ ದಾರಿ ಬದಲಿಸುವವರಿಗಾಗಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಬೆಳ್ತಂಗಡಿ, ಚಾರ್ಮಾಡಿಯ ರಸ್ತೆ ಕವಲೊಡೆಯುವುದು ಇಲ್ಲಿ. ಧರ್ಮಸ್ಥಳಕ್ಕೆ ಹೋಗುವವರು, ವಿಟ್ಲಕ್ಕೆ ಹೋಗುವವರು, ಸಿದ್ದಕಟ್ಟೆಯ ಮೇಲಾಗಿ ಮೂಡುಬಿದಿರೆಗೆ ಹೋಗುವವರು, ಎಲ್ಲರೂ ಸ್ವಲ್ಪ ಹೊತ್ತು ಇಲ್ಲಿ ನಿಲ್ಲಬೇಕು. ನಿಂತವರ ಸುತ್ತ ಬೆಳೆದ ಕಸುಬುಗಳಲ್ಲಿ ವಾಚ್ ರಿಪೇರಿಯೂ ಒಂದು. ಅಂಗಡಿ ಎನ್ನುವಷ್ಟು ದೊಡ್ಡದೇನಲ್ಲ. ಮೆಟ್ಟಿಲ ಕೆಳಗೆ ಗಾಜಿನ ಪೆಟ್ಟಿಗೆಯ ಒಂದು ಮೇಜು, ಒಂದು ಟೇಬಲ್ ಲ್ಯಾಂಪು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಮಸೂರ. ಪೆಟ್ಟಿಗೆಯೊಳಗೆ ಬೆಲ್ಟು, ಚೈನು, ಸೆಲ್ಲು. ಹಿಂದಿನ ಗೋಡೆಯಲ್ಲಿ ನೇತಾಡುವ ಗಡಿಯಾರಗಳಲ್ಲಿ ಒಂದೊಂದಕ್ಕೂ ಅದರದೇ ಗಂಟೆ.

ನಾನು ಅಲ್ಲಿಗೆ ಒಯ್ದದ್ದು ಮಾವನ ವಾಚು. ಮಾವ ದುಬೈಯಲ್ಲಿ ಬಹಳ ವರ್ಷ ದುಡಿದು, ಈಗ ಸಜೀಪದಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಡಯಲಿನ ಮೇಲೆ ರೋಲೆಕ್ಸ್ ಎಂದಿದೆ. ಕೊಡುವಾಗಲೇ ಹೇಳಿದ್ದರು: "ಇದು ಕರಾಮದ ಮಾಲು. ಕಾಪಿ. ಯಾರಾದರೂ ಕೇಳಿದರೆ ಹಾಗೆಯೇ ಹೇಳು." ಕರಾಮ ದುಬೈಯ ಒಂದು ಬಡಾವಣೆ. ನಕಲಿ ವಾಚು, ನಕಲಿ ಬ್ಯಾಗುಗಳಿಗೆ ಗಲ್ಫಿನಲ್ಲೆಲ್ಲ ಹೆಸರಾದ ಮಾರುಕಟ್ಟೆ ಅಲ್ಲಿದೆ. ನಮ್ಮ ಕರಾವಳಿಯಲ್ಲಿ ಆ ಹೆಸರು ಕೇಳದ ಮನೆ ಕಡಿಮೆ.

ಗಲ್ಫಿನಿಂದ ಬಂದವನ ಕೈಗಡಿಯಾರಕ್ಕೆ ಈ ಊರುಗಳಲ್ಲಿ ಒಂದು ಕಾಲಕ್ಕೆ ದೊಡ್ಡ ಅರ್ಥವಿತ್ತು. ಬೊಂಬಾಯಿ ಮಾರ್ಗವಾಗಿ ಹೋಗಿ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದವರ ಕೈಯಲ್ಲಿ ಚಿನ್ನದ ಬಣ್ಣದ ರಾಡೊ ಕಾಣಬೇಕು ಎಂದು ಊರೇ ಕಾಯುತ್ತಿತ್ತು. 1962ರಲ್ಲಿ ಬಂದ ರಾಡೊ ಡಯಾಸ್ಟಾರ್ ಗೀರು ಬೀಳದ ವಾಚು ಎಂದು ಹೆಸರು ಪಡೆದದ್ದು ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಲೋಹದಿಂದ. ಅದರ ಡಯಲಿನಲ್ಲಿ ಪುಟ್ಟದೊಂದು ಲಂಗರು ಇರುತ್ತದೆ, ಕೈ ಅಲ್ಲಾಡಿಸಿದರೆ ಅದೂ ತೂಗಾಡುತ್ತದೆ. ಲಂಗರು ಆಡದೆ ನಿಂತರೆ ಒಳಗಿನ ಎಣ್ಣೆ ಒಣಗಿದೆ, ಸರ್ವಿಸಿಗೆ ಕೊಡುವ ಕಾಲ ಬಂದಿದೆ ಎಂದು ತಿಳಿಯುತ್ತಿದ್ದರು. ಅಗ್ಗದ ಕಾಪಿಗಳಲ್ಲಿ ಲಂಗರನ್ನು ಬರೀ ಅಚ್ಚೊತ್ತಿರುತ್ತಾರೆ. ಮದುವೆ ಮನೆಯಲ್ಲಿ ಮಾತಾಡುತ್ತಲೇ ಪಕ್ಕದವನ ಮುಂಗೈ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡುವವರಿದ್ದರು. ಅಸಲಿ ರಾಡೊ ತರಲಾಗದವನಿಗೆ ಆ ಕ್ಷಣ ಎಷ್ಟು ಕಷ್ಟದ್ದಿರಬಹುದು ಎಂದು ನನಗೆ ಇಂದಿಗೂ ಅನಿಸುತ್ತದೆ. ಆತ ಮರುಭೂಮಿಯ ಬಿಸಿಲಲ್ಲಿ ದುಡಿದದ್ದು ಅಸಲಿ, ಮನೆಗೆ ಕಳಿಸಿದ ಹಣ ಅಸಲಿ, ತಂಗಿಯ ಮದುವೆ ಅಸಲಿ. ಇಷ್ಟೆಲ್ಲ ಇದ್ದೂ ಅವನನ್ನು ಅಳೆಯುತ್ತಿದ್ದುದು ಒಂದು ಲಂಗರಿನಿಂದ.

ಬಿ.ಸಿ. ರೋಡಿನ ರಿಪೇರಿಯವರು ವಾಚನ್ನು ಕಿವಿಗಿಟ್ಟು, ಮುಚ್ಚಳ ತಿರುಗಿಸಿ ತೆಗೆದು, ಮಸೂರ ಕಣ್ಣಿಗೆ ಹಾಕಿಕೊಂಡರು. "ಫಸ್ಟ್ ಕಾಪಿ ಅಲ್ಲ ಇದು, ಅದರ ಕೆಳಗಿನದ್ದು. ಆದ್ರೆ ಮೆಷಿನ್ ಒಳ್ಳೆದುಂಟು ಮಾರಾಯ್ರೆ." ಒಳಗಿನ ಯಂತ್ರಕ್ಕೆ ಈ ಕಸುಬಿನವರು ಮೆಷಿನ್ ಎನ್ನುತ್ತಾರೆ. ಫಸ್ಟ್ ಕಾಪಿ, ಮಾಸ್ಟರ್ ಕಾಪಿ, ಡೂಪ್ಲಿಕೇಟ್ ಎಂದು ನಕಲಿಗೂ ದರ್ಜೆಗಳಿವೆ. ಮಾರುವವರು ಆ ಪದಗಳನ್ನು ಬೇಕಾದಂತೆ ಎಳೆದಾಡುತ್ತಾರೆ. ಬಿಚ್ಚಿ ನೋಡುವವರು ಎಳೆದಾಡುವುದಿಲ್ಲ.

ಅವರು ತೋರಿಸಿದ ಐಬುಗಳನ್ನು ನಾನೂ ಒಂದೊಂದಾಗಿ ಕಂಡೆ. ತಾರೀಕಿನ ಮೇಲೆ ಕೂರಿಸಿದ ಉಬ್ಬು ಗಾಜು ಅಸಲಿ ರೋಲೆಕ್ಸಿನಲ್ಲಿ ಅಂಕಿಯನ್ನು ಎರಡೂವರೆ ಪಟ್ಟು ಹಿಗ್ಗಿಸುತ್ತದೆ. ಇಲ್ಲಿ ಅಂಕಿ ಕೊಂಚ ಊದಿಕೊಂಡಂತೆ ಕಾಣುತ್ತದೆ, ಅಷ್ಟೆ. ತಾರೀಕು ಕಿಟಕಿಯ ನಡುವೆ ನಿಲ್ಲದೆ ಎಡಕ್ಕೆ ಸರಿದಿದೆ. ಆರು ಗಂಟೆಯ ಗೆರೆ ಅದರ ಹೊರಗಿನ ಬಳೆಯ ಗುರುತಿಗೆ ಸರಿಹೊಂದುವುದಿಲ್ಲ. ಮುಳ್ಳುಗಳ ಅಂಚು ಉಜ್ಜಿ ನಯಗೊಳಿಸಿದ್ದಲ್ಲ, ಒತ್ತಿ ಕತ್ತರಿಸಿದ್ದು. ಎಲ್ಲಕ್ಕಿಂತ ಕಣ್ಣಿಗೆ ಬೀಳುವುದು ಸೆಕೆಂಡಿನ ಮುಳ್ಳು. ಹರಿಯುತ್ತ ಹೋಗಬೇಕಾದದ್ದು ಆಗಾಗ ಅರೆಕ್ಷಣ ತಡವರಿಸಿ, ಮತ್ತೆ ಜಿಗಿದು ಮುಂದೆ ಹೋಗುತ್ತದೆ.

ಈ ತಡವರಿಕೆಯ ಕಾರಣ ಕೇಳಿದಾಗ ಅವರು ಬೆಳಕಿನ ಕೆಳಗೆ ಹಿಡಿದು ತೋರಿಸಿದರು. ಮೆಷಿನ್ ಚೀನಾದ್ದು, ಜಪಾನಿನ ಮಿಯೋಟಾ 8215ರ ಮಾದರಿಯಲ್ಲಿ ಮಾಡಿದ್ದು. ಆ ವಿನ್ಯಾಸದಲ್ಲಿ ಸೆಕೆಂಡಿನ ಮುಳ್ಳು ಮುಖ್ಯ ಚಕ್ರಗಳ ಸಾಲಿನಲ್ಲಿ ಇಲ್ಲ. ಬದಿಯಿಂದ ಒಂದು ಚಕ್ರ ಅದನ್ನು ತಿರುಗಿಸುತ್ತದೆ, ತೆಳ್ಳನೆಯ ತಗಡಿನ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ. ಹಲ್ಲುಗಳ ನಡುವಿನ ಕೂದಲೆಳೆಯಷ್ಟು ಸಡಿಲಿನಲ್ಲಿ ಮುಳ್ಳು ಹಿಂದೆ ಬಿದ್ದು ಮುಂದೆ ಜಿಗಿಯುತ್ತದೆ. ಇದು ನಕಲಿಯ ಐಬೇ ಅಲ್ಲ, ಜಪಾನಿನಲ್ಲೇ ತಯಾರಾದ ಅಸಲಿ 8215 ಕೂಡ ಹೀಗೆಯೇ ತಡವರಿಸುತ್ತದೆ. ಆ ಸ್ಪ್ರಿಂಗನ್ನು ಬಗ್ಗಿಸಿ ಬಿಗಿ ಮಾಡಿದರೆ ತಡವರಿಕೆ ನಿಲ್ಲಬಹುದು, ಆದರೆ ಉಜ್ಜಾಟ ಹೆಚ್ಚಿ ಮೆಷಿನ್ನಿನ ಬಲ ಕುಗ್ಗುತ್ತದೆ. "ನಿಲ್ಲಿಸುದು ಬೇಡ. ಅದು ಅದರ ನಡಿಗೆ" ಎಂದರು.

ಮಿಯೋಟಾ ಎಂದರೆ ಸಿಟಿಜನ್ ಕಂಪನಿಯ ಮೆಷಿನ್ ತಯಾರಿಸುವ ಅಂಗ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರುವಾದದ್ದು ಇದೇ ಸಿಟಿಜನ್ ಸಹಯೋಗದಲ್ಲಿ. ನಮ್ಮ ಅಪ್ಪಂದಿರ ಕೈಯಲ್ಲಿದ್ದ ಜನತಾ, ಪೈಲಟ್ ವಾಚುಗಳ ಹದಿನೇಳು ಜುವೆಲ್ಲಿನ ಮೆಷಿನ್ ಆ ಮನೆತನದ್ದೇ. ಕರಾಮದ ಕಾಪಿಯ ಒಳಗೆ ಇರುವುದು ಅದೇ ಮನೆತನದ ದೂರದ ಬಂಧು ಎಂದು ತಿಳಿದ ಮೇಲೆ ಅದನ್ನು ಕೀಳಾಗಿ ಕಾಣಲು ನನಗೆ ಮನಸ್ಸು ಬರಲಿಲ್ಲ. ಗಂಟೆಗೆ 21,600 ಮಿಡಿತ, ಕೈಯಿಂದ ಕಳಚಿಟ್ಟ ಮೇಲೂ ನಲವತ್ತು ಗಂಟೆಯಷ್ಟು ಓಟ. ಜಪಾನಿನ 8215ಕ್ಕೆ ತಯಾರಕರೇ ಕೊಡುವ ಮಿತಿ ದಿನಕ್ಕೆ 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ. ಮಾವನ ವಾಚು ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುತ್ತಿತ್ತು. ರೋಲೆಕ್ಸ್ ತನ್ನ ವಾಚುಗಳಿಗೆ ದಿನಕ್ಕೆ ಎರಡು ಸೆಕೆಂಡಿನ ಮಿತಿ ಹಾಕಿಕೊಂಡಿದೆ. ಆ ಅಳತೆಯಲ್ಲಿ ಇದು ಸೋತಿದೆ. ತನ್ನ ಕುಲದ ಅಳತೆಯಲ್ಲಿ ಸರಿಯಾಗಿಯೇ ಇದೆ.

ಬಿ.ಸಿ. ರೋಡಿನವರು ತಿದ್ದಿದ್ದು ಎರಡೇ. ಬ್ಯಾಲೆನ್ಸ್ ಚಕ್ರದ ಮೇಲಿನ ಸಣ್ಣ ಕೈಯನ್ನು ಮೊನಚು ಕಡ್ಡಿಯಿಂದ ಸೋಕಿಸಿ ಓಟವನ್ನು ತುಸು ಇಳಿಸಿದರು. ಹಳೆಯ ಉಬ್ಬು ಗಾಜನ್ನು ಬಿಸಿ ಕೊಟ್ಟು ಎಬ್ಬಿಸಿ, ಅಂಕಿಯನ್ನು ಸರಿಯಾಗಿ ಹಿಗ್ಗಿಸುವ ಇನ್ನೊಂದನ್ನು ಅಂಟಿಸಿದರು. ಈ ಅಂಟು ಒಣಗುವುದು ನೇರಳಾತೀತ ಬೆಳಕಿಗೆ. ಬೇಸಿಗೆಯಾದರೆ ಬಿಸಿಲಿಗೆ ಹಿಡಿದರೆ ಸಾಕಿತ್ತು, ಜುಲೈ ತಿಂಗಳಾದ್ದರಿಂದ ಟಾರ್ಚು ಬೇಕಾಯಿತು. ನೋಟು ಪರೀಕ್ಷಿಸುವ ನೀಲಿ ಟಾರ್ಚನ್ನೇ ಬಳಸಿದರು. ಆ ಹೊತ್ತಿಗೆ ಬೆಳ್ತಂಗಡಿ ಬಸ್ಸು ಹೋಗಿಯಾಗಿತ್ತು. ಇನ್ನೊಂದು ಬಂತು.

ಇಂಥ ವಾಚನ್ನು ತಿದ್ದಿಕೊಳ್ಳುವ ಹವ್ಯಾಸ ಈಗ ಇಲ್ಲಿನ ಹುಡುಗರಲ್ಲೂ ಇದೆ. ಆನ್‌ಲೈನಿನಲ್ಲಿ ಮುಳ್ಳು, ಡಯಲ್, ಬಳೆ, ನೀಲಮಣಿ ಗಾಜು ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಉಜಿರೆಯ, ಮೂಡುಬಿದಿರೆಯ ಕಾಲೇಜುಗಳಲ್ಲಿ ಓದುವವರು ತರಿಸಿಕೊಂಡು ಊರಿನ ರಿಪೇರಿಯವರ ಕೈಯಲ್ಲಿ ಜೋಡಿಸಿಕೊಳ್ಳುತ್ತಾರೆ. ಇದರಲ್ಲಿ ಎರಡು ದಾರಿಗಳಿವೆ, ಒಂದಕ್ಕೊಂದು ಪೂರ್ತಿ ವಿರುದ್ಧ. ಮೊದಲನೆಯದು ಅಸಲಿಗೆ ಹತ್ತಿರ ಹತ್ತಿರ ಒಯ್ಯುವುದು: ಸರಿಯಾದ ಗಾಜು, ಸರಿಯಾದ ಅಕ್ಷರ, ಆರು ಗಂಟೆಯ ಬಳಿ ಗಾಜಿನಲ್ಲೇ ಕೊರೆದ ಕಣ್ಣಿಗೆ ಕಾಣದಷ್ಟು ಸಣ್ಣ ಕಿರೀಟ. ಈ ದಾರಿಗೆ ಕೊನೆ ಇಲ್ಲ. ಒಂದು ಐಬು ಮುಚ್ಚಿದರೆ ಅದರ ಹಿಂದಿದ್ದ ಇನ್ನೊಂದು ಎದ್ದು ಕಾಣುತ್ತದೆ. ಹಣ ಕರಗುತ್ತದೆ, ನೆಮ್ಮದಿಯೂ ಕರಗುತ್ತದೆ. ಕೊನೆಯವರೆಗೆ ಹೋದರೆ ಸಿಗುವುದು ಇನ್ನೊಬ್ಬರನ್ನು ನಂಬಿಸಬಲ್ಲ ಸುಳ್ಳು. ಎರಡನೆಯದು ದೂರ ದೂರ ಒಯ್ಯುವುದು: ಚೈನು ತೆಗೆದು ಹತ್ತಿಯ ಪಟ್ಟಿ ಹಾಕುವುದು, ಮುಳ್ಳಿನ ಬಣ್ಣ ಬದಲಿಸುವುದು, ಕನ್ನಡ ಅಂಕಿಗಳ ಡಯಲ್ ಕೂರಿಸುವುದು. ಇಲ್ಲಿ ಮೂಲ ಹಿಂದೆ ಸರಿದು ವಾಚು ತೊಟ್ಟವನದಾಗುತ್ತ ಬರುತ್ತದೆ. ನನ್ನ ಮನಸ್ಸು ಈ ಎರಡನೆಯ ದಾರಿಯಲ್ಲಿದೆ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 103 ಮತ್ತು 104ನೇ ಕಲಮುಗಳು ಸುಳ್ಳು ಮುದ್ರೆ ಹಾಕುವುದನ್ನೂ ಅಂಥ ಸರಕನ್ನು ಮಾರುವುದನ್ನೂ ಅಪರಾಧ ಎನ್ನುತ್ತವೆ. ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಇದು ನ್ಯಾಯವೇ. ಮುದ್ರೆ ಎಂದರೆ ಒಬ್ಬರು ಬಹುಕಾಲ ದುಡಿದು ಗಳಿಸಿದ ನಂಬಿಕೆ. ಅದನ್ನು ಕದ್ದು ಅಂಟಿಸಿದವನು ಮೂಲದವರಿಗೂ ಮೋಸ ಮಾಡುತ್ತಾನೆ, ಕೊಳ್ಳುವವನಿಗೂ ಮೋಸ ಮಾಡುತ್ತಾನೆ. ಮಾವನ ವಾಚಿನ ಎಲ್ಲ ಐಬುಗಳನ್ನೂ ನಾನು ಸಹಿಸಬಲ್ಲೆ, ಈ ಒಂದನ್ನು ಬಿಟ್ಟು.

ನಾನು ಹತ್ತಿದ ಬೆಳ್ತಂಗಡಿ ಬಸ್ಸು ಬಂಟ್ವಾಳದ ಪೇಟೆ ದಾಟಿ ಪುಂಜಾಲಕಟ್ಟೆ, ಮಡಂತ್ಯಾರು ಕಳೆಯುವಷ್ಟರಲ್ಲಿ ಮಳೆ ಬಸ್ಸಿನ ಟರ್ಪಾಲು ಹರಿಯುವಂತೆ ಹೊಡೆಯತೊಡಗಿತು. ಗುರುವಾಯನಕೆರೆಯಲ್ಲಿ ಕೆರೆಯೂ ರಸ್ತೆಯೂ ಒಂದೇ ಬಣ್ಣ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆ ಕೈಗಡಿಯಾರಗಳಿಗೆ ಕಠಿಣ ಪರೀಕ್ಷೆ. ಹಿಂಬದಿ ಮುಚ್ಚಳದ ರಬ್ಬರು ಸ್ವಲ್ಪ ಸಡಿಲಾದರೂ ಸಾಕು, ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಒಳಗೆ ಮಂಜು. ಬೆವರಿನ ಉಪ್ಪು ಬೇರೆ. ಅಸಲಿ ನಕಲಿ ಎಂಬ ಭೇದವನ್ನು ಆಟಿ ತಿಂಗಳ ತೇವ ಅಷ್ಟಾಗಿ ನೋಡುವುದಿಲ್ಲ, ರಬ್ಬರನ್ನು ಕಾಲಕಾಲಕ್ಕೆ ಬದಲಿಸಿದ್ದೀರಾ ಎಂದಷ್ಟೇ ನೋಡುತ್ತದೆ.

ಬೆಳ್ತಂಗಡಿಯ ರಿಪೇರಿಯವರು ಆ ರಬ್ಬರನ್ನು ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿದರು. ಅವರ ಪೆಟ್ಟಿಗೆಯಲ್ಲಿ ಹೊಳೆಯುವ ಎಚ್‌ಎಂಟಿ ವಾಚುಗಳು ಸಾಲಾಗಿದ್ದವು. ಕೆಂಪು ಡಯಲ್, ಗಿಣಿಹಸಿರು ಡಯಲ್, ಗುಲಾಬಿ ಡಯಲ್. ಎಚ್‌ಎಂಟಿ ವಾಚು ಕಾರ್ಖಾನೆಗಳನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಅದಾದ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಏರಿತು. ಮುಂಬಯಿಯಲ್ಲಿ ಹಳೆ ಮೆಷಿನ್ ತೊಳೆದು, ಡಯಲನ್ನು ಉಜ್ಜಿ ಹೊಸ ಬಣ್ಣ ಬಳಿದು, ಸಿಲಿಕೋನ್ ಉಂಡೆಯಿಂದ ಹೆಸರು ಒತ್ತಿ, ಹೊಸ ಕೇಸಿನಲ್ಲಿ ಕೂರಿಸಿ ಊರೂರಿಗೆ ಕಳಿಸುವವರು ಬಹಳ ಮಂದಿ ಇದ್ದಾರೆ. ಒಂದು ವಾಚಿನ ಮೆಷಿನ್, ಇನ್ನೊಂದರ ಮುಳ್ಳು, ಮತ್ತೊಂದರ ಕೀಲಿ ಗುಂಡಿ. ಎಚ್‌ಎಂಟಿ ಎಂದೂ ಮಾಡದ ಬಣ್ಣಗಳಲ್ಲಿ ಎಚ್‌ಎಂಟಿ ಹೆಸರು.

ನಾನು ಅವನ್ನು ಬಹಳ ಹೊತ್ತು ನೋಡಿದೆ. ಸ್ವಿಸ್ ವಾಚಿನ ಚೀನೀ ನಕಲಿಗಿಂತ ಇವು ನನ್ನನ್ನು ಹೆಚ್ಚು ಕಲಕಿದವು. ಒಳಗೆ ಬಡಿಯುವುದು ನಿಜವಾದ ಬೆಂಗಳೂರಿನದೋ ತುಮಕೂರಿನದೋ ಮೆಷಿನ್. ಹೆಸರು ಕೂಡ ಆ ಮೆಷಿನ್ನಿನದೇ. ಹೀಗಿದ್ದೂ ಡಯಲು ಸುಳ್ಳು. ಇದನ್ನು ನಕಲಿ ಎನ್ನಬೇಕೋ, ದುರಸ್ತಿ ಎನ್ನಬೇಕೋ? ಕೇಳಿದೆ. ಅವರು ಹೇಳಿದ್ದು ನನಗೆ ಸರಿ ಎನಿಸಿತು: "ಕಂಪನಿ ಡಯಲ್ ಹೇಳಿ ಮಾರಿದ್ರೆ ಮೋಸ. ಬಾಂಬೆ ಡಯಲ್ ಹೇಳಿ ಮಾರಿದ್ರೆ ವ್ಯಾಪಾರ. ನಾನು ಹೇಳಿಯೇ ಕೊಡುದು." ಅಜ್ಜನ ಜನತಾ ವಾಚಿನ ಡಯಲು ಮಳೆಗಾಲಕ್ಕೆ ಸಿಕ್ಕಿ ಕಪ್ಪು ಮಚ್ಚೆ ಹಿಡಿದಿದ್ದರೆ ಬಣ್ಣ ಬಳಿಸಬೇಡಿ, ಹಾಗೆಯೇ ಕಟ್ಟಿಕೊಳ್ಳಿ ಎಂದೂ ಅವರೇ ಹೇಳುತ್ತಾರೆ. ಹೊಸ ಡಯಲ್ ಹಾಕಿಸಿದರೆ ಅವರಿಗೆ ನಾಲ್ಕು ಕಾಸು ಸಿಗುತ್ತದೆ. ಆದರೂ ಹಾಗೆ ಹೇಳುವವರು.

ಬೆಳ್ತಂಗಡಿಯಿಂದ ಧರ್ಮಸ್ಥಳಕ್ಕೆ ಹೋದೆ. ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕ್ಯಾಮೆರಾ, ಗಡಿಯಾರಗಳ ನಡುವೆ ಅರ್ಧ ದಿನ ಕಳೆಯಬಹುದು. ಆದರೆ ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಗುಡ್ಡದ ಮೇಲಿನ ಬಾಹುಬಲಿ. 39 ಅಡಿಯ ಈ ಮೂರ್ತಿಯನ್ನು ಕೆತ್ತಿದವರು ರೆಂಜಾಳ ಗೋಪಾಲಕೃಷ್ಣ ಶೆಣೈ. ಕಾರ್ಕಳದಲ್ಲಿ ಕೆತ್ತಿದ ಏಕಶಿಲೆ 1973ರಲ್ಲಿ ರಸ್ತೆಯಲ್ಲೇ ಸಾಗಿ ಧರ್ಮಸ್ಥಳಕ್ಕೆ ಬಂತು, 1982ರಲ್ಲಿ ಪ್ರತಿಷ್ಠೆಯಾಯಿತು. ಈ ಸೀಮೆಯಲ್ಲಿ ಓಡಾಡುವವನಿಗೆ ಗೊಮ್ಮಟರು ಒಬ್ಬರಾದ ಮೇಲೊಬ್ಬರು ಎದುರಾಗುತ್ತಾರೆ. ಶ್ರವಣಬೆಳಗೊಳದಲ್ಲಿ 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಮೂರ್ತಿಯೇ ಎಲ್ಲಕ್ಕೂ ಮಾದರಿ. ಕಾರ್ಕಳದ್ದು 1432, ವೇಣೂರಿನದು 1604, ಧರ್ಮಸ್ಥಳದ್ದು ನಮ್ಮ ಕಾಲದ್ದು. ಅದೇ ನಿಲುವು, ಅದೇ ಬಳ್ಳಿ, ಅದೇ ಗುಂಗುರು ಕೂದಲು, ಮೊಣಕಾಲವರೆಗೆ ಇಳಿಬಿಟ್ಟ ಅದೇ ತೋಳು. ಇವನ್ನು ಯಾರೂ ನಕಲು ಎಂದದ್ದಿಲ್ಲ. ಯಾಕೆ ಎಂದು ಯೋಚಿಸುತ್ತಲೇ ಗುರುವಾಯನಕೆರೆಗೆ ಮರಳಿ ವೇಣೂರಿನ ಬಸ್ಸು ಹತ್ತಿದೆ.

ವೇಣೂರಿನ ಗೊಮ್ಮಟ ಫಲ್ಗುಣಿ ನದಿಯ ದಂಡೆಯಲ್ಲಿದೆ. ಗುಡ್ಡದ ಮೇಲಿಲ್ಲ, ಊರಿನ ಮಟ್ಟದಲ್ಲೇ ನಿಂತಿದೆ. ಎತ್ತರ 35 ಅಡಿ, ಬೆಳಗೊಳದ್ದಕ್ಕಿಂತ ಇಪ್ಪತ್ತು ಅಡಿಗೂ ಮಿಕ್ಕಿ ಗಿಡ್ಡ. ಕೆನ್ನೆಯಲ್ಲಿ ಗುಳಿ, ತುಟಿಯಲ್ಲಿ ಕಂಡೂ ಕಾಣದ ನಗು. ಬೆಳಗೊಳದ ಮುಖದಲ್ಲಿರುವ ಆ ದೂರದ ಶಾಂತಿ ಇಲ್ಲಿಲ್ಲ. ಪಕ್ಕದ ಮನೆಯವರ ಮುಖದ ಪರಿಚಯ ಇದೆ. ಬೆಳಗೊಳವನ್ನು ಅಳತೆಗೋಲು ಮಾಡಿಕೊಂಡು ಬಂದವರು ಇದನ್ನೆಲ್ಲ ಕೊರತೆ ಎಂದು ಬರೆದುಕೊಳ್ಳಬಹುದು. ಬೆಳಗೊಳದ ಮೂರ್ತಿಯಲ್ಲೇ ಎಡಗೈಯ ತೋರುಬೆರಳು ಗಿಡ್ಡ ಎಂದು ಅಲ್ಲಿ ತೋರಿಸುವವರಿದ್ದಾರೆ ಎಂಬುದು ಬೇರೆ ಮಾತು.

ವೇಣೂರಿನ ಮೂರ್ತಿಯ ಬದಿಯಲ್ಲಿ ಶಾಸನವಿದೆ. ನಿಲ್ಲಿಸಿದವನು ತಿಮ್ಮರಾಜ, ಅಜಿಲ ವಂಶದ ಅರಸ. ತನ್ನದು ಚಾವುಂಡರಾಯನ ಕುಲ ಎಂದು ಅದರಲ್ಲಿ ಹೇಳಿದೆ. ಬೆಳಗೊಳದ ಗುರು ಚಾರುಕೀರ್ತಿಗಳ ಅಪ್ಪಣೆಯಂತೆ ನಿಲ್ಲಿಸಿದ್ದು ಎಂದೂ ಹೇಳಿದೆ. ಮಳೆ ಹನಿಯುವ ಅಂಗಳದಲ್ಲಿ ಕೊಡೆ ಹಿಡಿದು ನಿಂತು ನನಗೆ ಹೊಳೆದದ್ದು ಇದು: ಈ ಕಲ್ಲು ತನ್ನ ಮೂಲ ಯಾವುದು, ಗುರು ಯಾರು, ಕಾಲ ಯಾವುದು, ಕಟ್ಟಿಸಿದವರು ಯಾರು ಎಂಬುದನ್ನೆಲ್ಲ ತನ್ನ ಮೈಮೇಲೇ ಬರೆದುಕೊಂಡಿದೆ. ಬೆಳಗೊಳದ ಮೂರ್ತಿ ನಾನೇ ಎಂದು ಎಲ್ಲೂ ಹೇಳುವುದಿಲ್ಲ. ಆದ್ದರಿಂದಲೇ ಅದರ ಕೆನ್ನೆಯ ಗುಳಿ ಐಬಾಗದೆ ವೇಣೂರಿನ ಗುರುತಾಯಿತು. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, ಹಿಂದಿನದು 2024ರಲ್ಲಿ ನಡೆಯಿತು. ಕಾರ್ಕಳದ ಅರಸ ಈ ಮೂರ್ತಿ ತನ್ನ ಊರಿನದಕ್ಕೆ ಎದುರಾದೀತೆಂದು ಮುನಿದು ಬಂದಾಗ ಅಜಿಲರು ಅದನ್ನು ಫಲ್ಗುಣಿಯ ಮರಳಿನಲ್ಲಿ ಹೂತು ಕಾಪಾಡಿದರು ಎಂಬ ಐತಿಹ್ಯವಿದೆ. ಮಾದರಿಯೊಂದು ಇನ್ನೊಂದು ಮಾದರಿಯ ಮೇಲೆ ಹಕ್ಕು ಸಾಧಿಸಲು ಹೋದ ಕಥೆ ಅದು.

ಮೂಡುಬಿದಿರೆಗೆ ಬಂದವರನ್ನು ಸಾವಿರ ಕಂಬದ ಬಸದಿ ಕರೆಯುತ್ತದೆ. ತ್ರಿಭುವನ ತಿಲಕ ಚೂಡಾಮಣಿ ಎಂಬ ಆ ಬಸದಿ 1430ರದ್ದು. ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಊರಿನವರು ಅಭಿಮಾನದಿಂದ ಹೇಳುತ್ತಾರೆ. ಆದರೆ ನಕಲಿನ ಬಗ್ಗೆ ಯೋಚಿಸುತ್ತ ಹೋದವನಿಗೆ ಅದಕ್ಕಿಂತ ದೊಡ್ಡದು ಗುರು ಬಸದಿ. ಸಿದ್ಧಾಂತ ಬಸದಿ ಎಂದೂ ಅದಕ್ಕೆ ಹೆಸರು. ಜೈನರ ಸಿದ್ಧಾಂತ ಗ್ರಂಥ ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆ, ವೀರಸೇನರೂ ಅವರ ಶಿಷ್ಯ ಜಿನಸೇನರೂ ಬರೆದ ಜಯಧವಲಾ, ಇವಲ್ಲದೆ ಮಹಾಬಂಧ. ಈ ಗ್ರಂಥಗಳ ತಾಡವಾಲೆ ಪ್ರತಿಗಳು ಉಳಿದದ್ದು ಇಲ್ಲಿ ಮಾತ್ರ. ಧವಲಾ ಒಂದೇ 72,000 ಶ್ಲೋಕ ಪ್ರಮಾಣದ್ದು. ಹಳೆಯ ಕನ್ನಡ ಲಿಪಿಯಲ್ಲಿ ಬರೆದ, ಹೆಚ್ಚುಕಡಿಮೆ 12ನೇ ಶತಮಾನದ ಆ ಓಲೆಗಳು ಶತಮಾನಗಳ ಕಾಲ ಪೂಜೆಗೆ, ದರ್ಶನಕ್ಕೆ ಮಾತ್ರ ಇದ್ದವು. ಓದುವುದಕ್ಕೆ ಸಿಗುತ್ತಿರಲಿಲ್ಲ.

1890ರ ದಶಕದಲ್ಲಿ ಸೊಲ್ಲಾಪುರದ ಹೀರಾಚಂದ ನೇಮಚಂದರಂಥವರ ಒತ್ತಾಯದಿಂದ ಪ್ರತಿ ಮಾಡುವ ಕೆಲಸ ಶುರುವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮೊದಲು ಕೈಹಚ್ಚಿದರು, ಮಿರಜಿನ ಗಜಪತಿ ಉಪಾಧ್ಯಾಯರು ಮುಂದುವರಿಸಿದರು. ಹೊರಗೆ ಒಯ್ಯಕೂಡದು, ಪ್ರತಿ ಇಲ್ಲೇ ಉಳಿಯಬೇಕು ಎಂಬ ಕಟ್ಟಳೆ ಇತ್ತು. ಗಜಪತಿ ಉಪಾಧ್ಯಾಯರು ಮಠಕ್ಕೆಂದು ಒಂದು ಪ್ರತಿ ಮಾಡುತ್ತ, ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದನ್ನೂ ಮಾಡಿದರು. ಅದಕ್ಕೆ ಕೈ ಜೋಡಿಸಿದವರು ಅವರ ಹೆಂಡತಿ ಲಕ್ಷ್ಮೀಬಾಯಿ. ಆ ಗುಟ್ಟಿನ ಪ್ರತಿ ಉತ್ತರದ ಸಹಾರನ್ಪುರ ಸೇರಿತು. ಅಲ್ಲಿ ಅದನ್ನು ದೇವನಾಗರಿಗೆ ಇಳಿಸಿದರು. ಇಳಿಸಿದವರೊಬ್ಬರು ತಮಗೂ ಒಂದು ಪ್ರತಿ ಇಟ್ಟುಕೊಂಡರು. ಅದರಿಂದ ಮತ್ತಷ್ಟು ಪ್ರತಿಗಳು ಹೊರಟವು. ವಿದ್ವಾಂಸ ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದಾಗ ಅವರ ಕೈಯಲ್ಲಿದ್ದುದು ಪ್ರತಿಯ ಪ್ರತಿಯ ಪ್ರತಿ. ಅಕ್ಷರ ತಪ್ಪಿದ ಕಡೆ, ಸಾಲು ಜಾರಿದ ಕಡೆ ಬೇಕಾದಷ್ಟಿದ್ದವು. ಅದನ್ನು ತಿಳಿದೇ ಅವರು ಅಚ್ಚಿಗೆ ಕೊಟ್ಟರು. ಪುಸ್ತಕ ಹೊರಬಂದ ಮೇಲೆ ಮೂಡುಬಿದಿರೆಯ ಮನಸ್ಸೂ ಕರಗಿ, ಮುಂದಿನ ಸಂಪುಟಗಳಿಗೆ ಮೂಲ ಓಲೆಗಳೊಡನೆ ಹೋಲಿಸಿ ತಿದ್ದಲು ಅವಕಾಶವಾಯಿತು. ಒಟ್ಟು 16 ಸಂಪುಟ ಬಂದವು.

ಈ ಕಥೆಯನ್ನು ಎಷ್ಟು ಬಾರಿ ನೆನೆದರೂ ಲಕ್ಷ್ಮೀಬಾಯಿಯವರ ಹತ್ತಿರ ಬಂದು ನಿಲ್ಲುತ್ತೇನೆ. ಪ್ರಾಕೃತ, ಸಂಸ್ಕೃತ ಬೆರೆತ ಸಿದ್ಧಾಂತ ಗ್ರಂಥದ ಸಾವಿರಾರು ಸಾಲುಗಳನ್ನು ದೀಪದ ಬೆಳಕಿನಲ್ಲಿ ಇಳಿಸಿದ ಆ ಕೈಗಳು ಎಲ್ಲೋ ಒಂದು ಒತ್ತು, ಎಲ್ಲೋ ಒಂದು ಸೊನ್ನೆ ಬಿಟ್ಟಿರಲೇಬೇಕು. ಕಟ್ಟಳೆ ಮೀರಿದ್ದು ನಿಜ. ಆದರೆ ಅವರ ಪ್ರತಿಯಲ್ಲಿ ವೀರಸೇನರ ಮಾತು ವೀರಸೇನರ ಹೆಸರಿನಲ್ಲೇ ಇತ್ತು. ಓಲೆ ಬರೆಯುವವರಲ್ಲಿ ಒಂದು ಹಳೆಯ ಪದ್ಧತಿ ಇತ್ತು: ಕೊನೆಯಲ್ಲಿ ತನ್ನ ಹೆಸರು ಬರೆದು, ಬೆನ್ನು ಬಾಗಿ ಕಣ್ಣು ಸೋತು ಬರೆದದ್ದಿದು, ತಪ್ಪಿದ್ದರೆ ತಿದ್ದಿಕೊಳ್ಳಿ, ನೀರಿನಿಂದ ಎಣ್ಣೆಯಿಂದ ಕಾಪಾಡಿ ಎಂದು ಓದುಗರನ್ನು ಬೇಡಿಕೊಳ್ಳುವುದು. ಮೂಲದ ಹೆಸರು ಮೂಲಕ್ಕೆ, ಬರೆದವನ ಹೆಸರು ಬರೆದವನಿಗೆ, ತಪ್ಪಿನ ಹೊಣೆ ಬರೆದವನದು. ಕೈಯಿಂದ ಕೈಗೆ ದಾಟುವ ಯಾವ ವಸ್ತುವಿಗೂ ಇದಕ್ಕಿಂತ ಒಳ್ಳೆಯ ಶಿಸ್ತು ನನಗೆ ತೋಚುವುದಿಲ್ಲ.

ಮೂಡುಬಿದಿರೆ ಪೇಟೆಯ ಬಸ್‌ಸ್ಟ್ಯಾಂಡಿನ ಬಳಿ ಡಯಲ್ ಕೆಲಸ ಬಲ್ಲ ರಿಪೇರಿಯವರೊಬ್ಬರಿದ್ದಾರೆ ಎಂದು ಬೆಳ್ತಂಗಡಿಯವರು ಹೇಳಿ ಕಳಿಸಿದ್ದರು. ವಾಚನ್ನು ಅವರ ಮುಂದಿಟ್ಟು, ಹೆಸರು ತೆಗೆಯಬೇಕು ಎಂದೆ. ಅವರಿಗೆ ಅಚ್ಚರಿಯಾಯಿತು. ಹೆಸರು ಅಳಿಸಿಹೋಗಿದೆ, ಹಾಕಿಕೊಡಿ ಎಂದು ಬರುವವರೇ ಹೆಚ್ಚು. "ತೆಗೆದು ಬೇರೆ ಎಂತ ಹಾಕುದು? ಒಮೆಗಾ? ಎಚ್‌ಎಂಟಿ ಬೇಕಾದ್ರೆ ಬಾಂಬೆಗೆ ಕಳಿಸಿ ಮಾಡಿಸ್ಬಹುದು." ಏನೂ ಬೇಡ ಎಂದೆ. ಎಚ್‌ಎಂಟಿ ಎಂದು ಹಾಕಿದರೆ ಒಂದು ಸುಳ್ಳಿನ ಜಾಗಕ್ಕೆ ನನಗೆ ಪ್ರಿಯವಾದ ಇನ್ನೊಂದು ಸುಳ್ಳು ಬಂದ ಹಾಗಾಗುತ್ತದೆ. ಸಜೀಪದ ಮಾವನನ್ನು ಫೋನಿನಲ್ಲಿ ಕೇಳಿದೆ. ವಾಚು ಈಗ ನಿನ್ನದು, ಆದರೆ ಡಯಲಿನ ಹಸಿರು ಬಣ್ಣ ಮುಟ್ಟಬೇಡ, ಅದನ್ನು ನೋಡಿಯೇ ಕೊಂಡದ್ದು ಎಂದರು.

ರಿಪೇರಿಯವರು ಮುಳ್ಳುಗಳನ್ನು ಎತ್ತಿ, ಡಯಲನ್ನು ಬಿಡಿಸಿ, ಹಿಂಬದಿಯನ್ನು ತೋರಿಸಿದರು. ಅಕ್ಷರಗಳು ಮೆರುಗೆಣ್ಣೆಯ ಮೇಲೆ ಒತ್ತಿದ ಶಾಯಿ, ಹದವಾಗಿ ಉಜ್ಜಿದರೆ ಹೋಗುತ್ತವೆ. ಹನ್ನೆರಡು ಗಂಟೆಯ ಕೆಳಗಿನ ಕಿರೀಟ ಹಾಗಲ್ಲ. ಅದು ಬೇರೆಯೇ ಲೋಹದ ತುಂಡು. ಅದರ ಎರಡು ಸಣ್ಣ ಕಾಲುಗಳು ಡಯಲನ್ನು ತೂರಿ ಹಿಂದೆ ಅಂಟಿಕೊಂಡಿವೆ. ಕಿತ್ತರೆ ಎರಡು ತೂತು ಉಳಿಯುತ್ತವೆ. ತುಂಬಿ ಬಣ್ಣ ಹಚ್ಚಬಹುದು, ಆದರೆ ಇದೇ ಹಸಿರು ಸಿಗುವುದಿಲ್ಲ, ಹಚ್ಚಿದ್ದು ಎದ್ದು ಕಾಣುತ್ತದೆ. ಇಡೀ ಡಯಲಿಗೆ ಬಣ್ಣ ಬಳಿದರೆ ತೂತು ಕಾಣದು, ಮಾವನ ಹಸಿರು ಹೋಗುತ್ತದೆ.

"ಯೋಚನೆ ಮಾಡಿ ಹೇಳಿ. ಹೇಗೂ ಈಗ ಆಗುದಿಲ್ಲ, ಈ ತಂಡಿಯಲ್ಲಿ ಲ್ಯಾಕರ್ ಒಣಗುದಿಲ್ಲ. ದೀಪಾವಳಿ ಕಳೆದು ಬನ್ನಿ."

ಯೋಚಿಸಲು ಏನೂ ಇರಲಿಲ್ಲ. ಅಕ್ಷರ ಉಜ್ಜಿ ತೆಗೆಯಿರಿ, ಕಿರೀಟ ಕಿತ್ತುಬಿಡಿ, ತೂತುಗಳನ್ನು ಮುಚ್ಚಬೇಡಿ ಎಂದೆ. ಹಾಗಾದರೆ ಲ್ಯಾಕರಿನ ಕೆಲಸವೇ ಇಲ್ಲವಲ್ಲ ಎಂದು ಅವರು ಹತ್ತಿಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕೂಡಲೇ ಶುರುಮಾಡಿದರು. ಕೊನೆಯ ಅಕ್ಷರದಿಂದ ಹಿಂದಕ್ಕೆ ಹೋದರು. ನಡುವೆ ಒಂದು ಕಡೆ ಮೆರುಗೆಣ್ಣೆ ಮಾಸಿ, ಓರೆ ಬೆಳಕಿಗೆ ಹಿಡಿದರೆ ಕಾಣುವಂಥ ಒಂದು ಮಸುಕು ಬಿತ್ತು. ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಪರವಾಗಿಲ್ಲ, ಮುಂದುವರಿಸಿ ಎಂದೆ.